ಬೆರಳುದ್ದದ ಜಮೀನ್ದಾರರೊಂದಿಗೆ ಮಾತುಕತೆ

ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಪೂಲ್ ಬಂದರಿನ ನಡುವೆ ಇರುವ ಬ್ರೌನ್‌ಸೀ ದ್ವೀಪ ಸುಮಾರು 500 ಎಕರೆಯದು. ಹಿಂದೆ ಧಣಿಗಳ ಎಸ್ಟೇಟು, ಈಗ ಅದರ ಉತ್ತರ ಭಾಗ ವನ್ಯಧಾಮ. ಒಂದು ಕಾಲಕ್ಕೆ ಇದನ್ನು ಆವರಿಸಿಕೊಂಡಿದ್ದ ರೋಡೋಡೆಂಡ್ರನ್ ಎಂಬ ಹೂಪೊದೆಯ ವಂಶದ ಕುಡಿಯೊಂದು ಪೈನ್ ಮರದ ಬುಡದಲ್ಲಿ ತಲೆಮರೆಸಿಕೊಂಡಿದೆ ಎಂಬ ಸುಳಿವು ಸಿಕ್ಕಿ ಹೋದೆವು. ಎತ್ತರ ಒಂದು ಬೆರಳು, ಗತ್ತು ಮಾತ್ರ ಅರಮನೆಯದು.

ಪ್ರಶ್ನೆ: ನಮಸ್ಕಾರ. ತಮ್ಮ ಮೂಲ?

ಸಸಿ: ಮೆಲ್ಲಗೆ ಮಾತಾಡಿ, ಸ್ವಯಂಸೇವಕರು ಬರುವ ಹೊತ್ತು. ನಮ್ಮ ಹಿರಿಯರು 1763ರಲ್ಲಿ ಬ್ರಿಟನ್ನಿಗೆ ಬಂದರು. ಹೆಚ್ಚಿನವರು ಸ್ಪೇನ್ ಕಡೆಯವರು. ನುಗ್ಗಿ ಬಂದವರಲ್ಲ ಸ್ವಾಮಿ, ಕರೆಸಿಕೊಂಡದ್ದು! ಹೂವು ತೋಟಕ್ಕೆ ಶೋಭೆ, ಪೊದೆ ತಾವು ಬೇಟೆಯಾಡುವ ಹಕ್ಕಿಗಳಿಗೆ ಮರೆ ಅಂತ ಧಣಿಗಳೇ ನೆಡಿಸಿದರು.

ಪ್ರಶ್ನೆ: ಇಲ್ಲಿನ ಧಣಿಗಳು ಹೇಗೆ?

ಸಸಿ: ಒಬ್ಬರಿಗಿಂತ ಒಬ್ಬರು! 1852ರಲ್ಲಿ ಕರ್ನಲ್ ವಾ ಎಂಬಾತ ಪಿಂಗಾಣಿ ಮಣ್ಣಿನ ಆಸೆಗೆ ದ್ವೀಪ ಕೊಂಡು ಊರನ್ನೇ ಕಟ್ಟಿಸಿದ. ಮಣ್ಣು ನೋಡಿದರೆ ಚರಂಡಿ ಕೊಳವೆಗಷ್ಟೇ ಲಾಯಕ್ಕು. ಸಾಲಕ್ಕೆ ಸಿಕ್ಕಿ ಸ್ಪೇನಿಗೆ ಪರಾರಿಯಾದ. ನಾವು ಅಲ್ಲಿಂದ ಬಂದೆವು, ಅವನು ಅಲ್ಲಿಗೆ ಹೋದ, ಲೆಕ್ಕ ಸರಿಹೋಯಿತು. 1927ರಲ್ಲಿ ಮೇರಿ ಬಾನ್‌ಹ್ಯಾಮ್ ಕ್ರಿಸ್ಟಿ ಎಂಬ ಮಹಾತಾಯಿ ಬಂದರು. ಒಕ್ಕಲುಗಳನ್ನು ಎಬ್ಬಿಸಿದರು, ಹೊರಗಿನವರಿಗೆ ಬಾಗಿಲು ಹಾಕಿದರು, ಕಾಡನ್ನು ಅದರ ಪಾಡಿಗೆ ಬಿಟ್ಟರು. ಅದು ನಮ್ಮ ರಾಮರಾಜ್ಯ.

ಪ್ರಶ್ನೆ: ನಿಮ್ಮ ನೆರಳಲ್ಲಿ ಹುಲ್ಲೂ ಹುಟ್ಟುವುದಿಲ್ಲವಂತೆ?

ಸಸಿ: ಅರಮನೆ ಅಂಗಳದಲ್ಲಿ ಕಂಡಕಂಡವರು ಬಿಡಾರ ಹೂಡಲಾದೀತೆ? ಎಲೆಯಲ್ಲಿ ಚೂರು ವಿಷ ಇಟ್ಟುಕೊಂಡಿದ್ದೇವೆ, ಕುರಿ ಬಾಯಿ ಹಾಕದು. ದೊಡ್ಡ ಪೊದೆಯಾದರೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಬೀಜ. ಕೊಂಬೆ ನೆಲಕ್ಕೆ ತಾಗಿದಲ್ಲೂ ಬೇರು. ಇಷ್ಟು ಕಷ್ಟಪಟ್ಟು ಬೆಳೆದವರಿಗೆ ಒತ್ತುವರಿದಾರರು ಎಂಬ ಬಿರುದು!

ಪ್ರಶ್ನೆ: ಹಾಗಾದರೆ ನಿಮ್ಮ ವಂಶ ಬಿದ್ದದ್ದು ಹೇಗೆ?

ಸಸಿ: 1961ರಲ್ಲಿ ತಾಯಿ ತೀರಿಕೊಂಡರು. ಮೊಮ್ಮಗ ಉತ್ತರಾಧಿಕಾರ ತೆರಿಗೆಯ ಬಾಬತ್ತಿಗೆ ದ್ವೀಪವನ್ನೇ ಸರ್ಕಾರಕ್ಕೆ ಕೊಟ್ಟ. ಹೆಲೆನ್ ಬ್ರದರ್ಟನ್ ಎಂಬಾಕೆ ದ್ವೀಪ ಉಳಿಸಲು ಜನರನ್ನು ಕಟ್ಟಿಕೊಂಡು ಓಡಾಡಿದರು. 1962ರಲ್ಲಿ ಇದು ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯ ಪಾಲಾಯಿತು. ನಮ್ಮನ್ನು ಕೀಳುವ ಕೆಲಸಕ್ಕೆ ಬಂದ ಸ್ವಯಂಸೇವಕರನ್ನು ಕಂಡು ನಕ್ಕೆವು. ಬುಡ ಕೊಯ್ದರು, ಕೊಂಬೆ ಸುಟ್ಟರು, ಫ್ಲಾಸ್ಕಿನ ಚಹಾ ಕುಡಿದು ಹೋದರು. ನಾವು ಚಿಗುರಿದೆವು. ಅವರು ಮತ್ತೆ ಬಂದರು. ಪಾಚಿಯ ಮೇಲೆ ಮಂಡಿಯೂರಿ, ಉಗುರಷ್ಟಿದ್ದ ಸಸಿಯನ್ನೂ ಎರಡು ಬೆರಳಲ್ಲಿ ಹಿಡಿದು, ಬೇರು ತುಂಡಾಗದಂತೆ ಮೆಲ್ಲಗೆ ಎಳೆದು, ಮಣ್ಣು ಕೊಡವಿದರು. ಹೀಗೇ ಸುಮಾರು 50 ವರ್ಷ! ಗರಗಸಕ್ಕೆ ಅಂಜುವ ವಂಶವಲ್ಲ ನಮ್ಮದು. ಸೋತದ್ದು ಅವರ ಹಾಜರಿ ಪುಸ್ತಕಕ್ಕೆ.

ಪ್ರಶ್ನೆ: ದ್ವೀಪದ ಕೆಂಪು ಅಳಿಲುಗಳಿಗೆ ಒಳ್ಳೆಯದಾಯಿತಲ್ಲ?

ಸಸಿ: ಆ ಇನ್ನೂರು ಚಿಲ್ಲರೆ ಅಳಿಲುಗಳಿಗೆ ಸಿಗುವ ಉಪಚಾರ ನೋಡಬೇಕು! ಅಮೆರಿಕದ ಬೂದು ಅಳಿಲು ಬಂದು ಇವನ್ನು ಇಂಗ್ಲೆಂಡಿನ ಬಹುಪಾಲು ಕಡೆಯಿಂದ ಓಡಿಸಿತು. ಇಲ್ಲಿ ಸಮುದ್ರ ಅಡ್ಡ ಇದ್ದುದರಿಂದ ಬದುಕಿದವು. ಅವಕ್ಕೆ ಪೈನ್ ಬೇಕು, ಪೈನ್ ಸಸಿಗೆ ಬಿಸಿಲು ಬೇಕು, ಬಿಸಿಲಿಗೆ ಅಡ್ಡ ನಾವಂತೆ. ಹೊರಗಿನವರು ನಾವೊಬ್ಬರೇ? ನಿಮ್ಮ ದೇಶದ ನವಿಲುಗಳು ಇಲ್ಲೇ ಗರಿ ಬಿಚ್ಚಿಕೊಂಡು ತಿರುಗುತ್ತವೆ. ಅವನ್ನು ಯಾರೂ ಬುಡಸಮೇತ ಕೀಳುವುದಿಲ್ಲ!

ಪ್ರಶ್ನೆ: ನವಿಲು ಇನ್ನೊಬ್ಬರ ಬಿಸಿಲು ಕಸಿಯುವುದಿಲ್ಲವಲ್ಲ?

ಸಸಿ: ಮುಂದಿನ ಪ್ರಶ್ನೆ.

ಪ್ರಶ್ನೆ: ಮುಂದೇನು ಯೋಚನೆ?

ಸಸಿ: ವರ್ಗಾವಣೆ. ನಮ್ಮ ಹಾಗೇ ಹೂವಿನ ಚಂದಕ್ಕೆ ಇಂಗ್ಲಿಷರು ನಿಮ್ಮಲ್ಲಿಗೆ ತಂದ ಲಂಟಾನ, ಬಂಡೀಪುರದಲ್ಲಿ ಸಂಸಾರ ಬೆಳೆಸಿಕೊಂಡಿದೆಯಂತೆ. ನಿಮ್ಮ ಕಡೆ ವನಮಹೋತ್ಸವದಲ್ಲಿ ಗಿಡ ನೆಟ್ಟು ಫೋಟೊ ತೆಗೆಸಿಕೊಂಡವರು ಮರುವರ್ಷ ಅದೇ ಗುಂಡಿಗೆ ಹೊಸ ಗಿಡ ನೆಡುತ್ತಾರೆ ಅಂತಲೂ ಕೇಳಿದ್ದೇನೆ. ನೆಡಲು ನೂರು ಜನ, ನೋಡಿಕೊಳ್ಳಲು ಒಬ್ಬರೂ ಇಲ್ಲದ ಜಾಗ ಯಾವುದಾದರೂ ಇದ್ದರೆ ನಮಗೊಂದೆರಡು ಗುಂಟೆ ಕೊಡಿಸಿ. ಅರ್ಜಿ ಯಾವ ಇಲಾಖೆಗೆ ಹಾಕಬೇಕು?