ಕೋವಿಪುಟಶಾಸ್ತ್ರ: ಹಾಸನ ಸೀಮೆಗೆ ಅನ್ವಯಿಸಿ ಒಂದು ಅಂತರ್‌ಶಿಸ್ತೀಯ ಪ್ರವೇಶಿಕೆ

ಹಳೆಯ ಸೇನಾ ಪತ್ರಿಕೆಗಳಲ್ಲಿ ಅಚ್ಚಾದ ಬಂದೂಕಿನ ಜಾಹೀರಾತುಗಳನ್ನು ಹುಡುಕಿ, ಕೊಂಡು, ಕೂಡಿಟ್ಟು, ನೆಂಟರು ಬಂದಾಗ ತೆಗೆದು ತೋರಿಸುವ ವಿದ್ಯೆಗೆ ಕೋವಿಪುಟಶಾಸ್ತ್ರವೆಂದು ಹೆಸರು. ಚಿತ್ರದ ಕೋವಿಗೆ ಲೈಸೆನ್ಸು ಬೇಡ. ಚುನಾವಣೆ ಬಂತೆಂದು ಅದನ್ನು ಠಾಣೆಗೆ ಒಪ್ಪಿಸಿ, ಗದ್ದೆಯನ್ನು ಹಂದಿಗೆ ಬಿಟ್ಟುಕೊಡಬೇಕಾಗಿಲ್ಲ. ಶಾಸ್ತ್ರದ ಜ್ಞಾನಮೀಮಾಂಸಾತ್ಮಕ ತಳಹದಿ ಇಷ್ಟೇ.

ಆಕರಗಳು ಎರಡು ಬಗೆ. 1870ರಲ್ಲಿ ಸಿಮ್ಲಾದಲ್ಲಿ ಹುಟ್ಟಿದ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಹೊರಡಿಸಿದಂಥ ನಿಯತಕಾಲಿಕಗಳು ಅಧಿಕಾರಿಗಳವು. 1909ರ ಜನವರಿ 2ರಂದು ಉರ್ದುವಿನಲ್ಲಿ ಆರಂಭವಾದ ‘ಫೌಜಿ ಅಖ್ಬಾರ್’ ಸಿಪಾಯಿಗಳದು. ಅದು 1954ರಲ್ಲಿ ‘ಸೈನಿಕ್ ಸಮಾಚಾರ್’ ಎಂದು ಹೆಸರು ಬದಲಿಸಿಕೊಂಡು, ಮುಂದೆ ಕನ್ನಡವೂ ಸೇರಿ 13 ಭಾಷೆಗಳಿಗೆ ಹಬ್ಬಿತು.

ಪ್ರತಿಗಳ ವರ್ಗೀಕರಣ ಹೀಗಿದೆ. ಹಾಸನದ ಗುಜರಿ ಅಂಗಡಿಯಲ್ಲಿ ದೊರೆಯುವುದು ‘ರದ್ದಿಜನ್ಯ’. ಹೊಳೆನರಸೀಪುರದ ನಿವೃತ್ತ ಸುಬೇದಾರರ ಟ್ರಂಕಿನ ತಳದಲ್ಲಿ, ಮಡಿಸಿಟ್ಟ ಸಮವಸ್ತ್ರದಡಿ ದೊರೆಯುವುದು ‘ಟ್ರಂಕುಗರ್ಭಸ್ಥ’. ಚನ್ನರಾಯಪಟ್ಟಣದ ತೋಟದ ಮನೆಗಳಲ್ಲಿ ಕೊಬ್ಬರಿಯ ಜೊತೆ ಅಟ್ಟದ ಮೇಲೆ ಹೊಗೆ ಕುಡಿದದ್ದು ‘ಕೊಬ್ಬರಿಸಮಕಾಲೀನ’. ಅರಕಲಗೂಡಿನ ಮಳೆಗೆ ಸಿಕ್ಕಿ, ಹುಳು ತಿಂದು, ಅಂಚು ಮಾತ್ರ ಉಳಿದದ್ದು ‘ಗೆದ್ದಲೋತ್ತರ’. ಗೆದ್ದಲೋತ್ತರ ಪಠ್ಯದಲ್ಲಿ ಬಂದೂಕಿನ ಗೈರುಹಾಜರಿಯೇ ಬಂದೂಕಿನ ಸಂಕಥನವನ್ನು ಕಟ್ಟಿಕೊಡುವುದರಿಂದ ವಿಚಾರಸಂಕಿರಣಗಳಲ್ಲಿ ಅದಕ್ಕೇ ಹೆಚ್ಚು ಮರ್ಯಾದೆ. ಓದುವ ತಾಪತ್ರಯವೂ ಇಲ್ಲ. ಇನ್ನೂ ಎಂಟು ಉಪಪ್ರಭೇದಗಳುಂಟು. ತಕ್ಕಡಿಗೆ ಹಾಕಿದಾಗ ಎಲ್ಲಕ್ಕೂ ಕಿಲೋ ಬೆಲೆ ಒಂದೇ ಆದ್ದರಿಂದ ಅವನ್ನು ಇಲ್ಲಿಗೇ ಕೈಬಿಡಲಾಗಿದೆ.

ಸೇನಾ ಪತ್ರಿಕೆಯಲ್ಲಿ ಬಂದೂಕಿನ ಜಾಹೀರಾತು ಏಕೆ ಎಂಬುದು ‘ಅಧಿಕಾರ ಸಂಬಂಧಗಳ ಬಹುಸ್ತರೀಯ ಪ್ರಾತಿನಿಧೀಕರಣ’ಕ್ಕೆ ಸೇರಿದ ಪ್ರಶ್ನೆ. ಬಿಡಿಸಿ ಹೇಳಿದರೆ: ಬ್ರಿಟಿಷ್ ಸೇನೆಯ ಅಧಿಕಾರಿ ತನ್ನ ರಿವಾಲ್ವರನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕಿತ್ತು, ಸರ್ಕಾರಿ ತೋಟಾ ಅದಕ್ಕೆ ಹಿಡಿಸಿದರೆ ಸಾಕಿತ್ತು. ಹಾಗಾಗಿ ಬರ್ಮಿಂಗ್‌ಹ್ಯಾಮಿನ ವೆಬ್ಲಿಯಂಥ ತಯಾರಕರಿಗೆ ಅವನು ಗಿರಾಕಿ. ಸಿಪಾಯಿಗೆ ರೈಫಲ್ಲನ್ನು ಸರ್ಕಾರವೇ ಕೊಡುತ್ತಿತ್ತು, ಅವನು ಗಿರಾಕಿಯಲ್ಲ. ಅವನು ಊರಿಗೆ ಮರಳಿದರೆ 1878ರ ಶಸ್ತ್ರಾಸ್ತ್ರ ಕಾಯ್ದೆ ಕಾದಿರುತ್ತಿತ್ತು: ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯರಿಗೆ ಪರವಾನಗಿ. ಸಾಮ್ರಾಜ್ಯಕ್ಕಾಗಿ ಗುಂಡು ಹಾರಿಸಲು ನಂಬಿಗಸ್ತನಾದವನು ತನ್ನ ಹೊಲದ ಬದುವಿನಲ್ಲಿ ಶಂಕಿತ.

ಇನ್ನು ನಮ್ಮ ಸೀಮೆಯ ಮಾತು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಜೋಧಪುರದ ಪಡೆಯೊಡನೆ ಹೈಫಾ ನಗರವನ್ನು ಗೆದ್ದಾಗ, ಮೆಷಿನ್‌ಗನ್ನುಗಳೆದುರು ಕುದುರೆ ಸವಾರರ ಕೈಯಲ್ಲಿದ್ದದ್ದು ಭರ್ಜಿ ಮತ್ತು ಕತ್ತಿ. ಇಂಥ ಅಶ್ವದಳಗಳ ಸ್ಮಾರಕವಾಗಿ ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಭರ್ಜಿಗೆ ಜಾಹೀರಾತಿಲ್ಲದ ಕಾರಣ ಈ ಪ್ರಸಂಗ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಕೊನೆಯದಾಗಿ ಸಂಶೋಧನಾ ವಿಧಾನ. ಅದರ ಉಪಕರಣ ಬ್ಲೇಡು. ಜಾಹೀರಾತಿನ ಪುಟವನ್ನು ಸೀಳಿ, ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವುದು. ಉಳಿದದ್ದನ್ನು ರದ್ದಿಗೆ ಹಾಕುವುದು. ಆ ರದ್ದಿಯಲ್ಲಿ ಪದಕ ಪಡೆದವರ ಹೆಸರಿರಬಹುದು, ಸತ್ತವರ ಹೆಸರಿರಬಹುದು. ಯಾರೂ ಪುಟ ತಿರುಗಿಸುವುದಿಲ್ಲ. ನಳಿಗೆಯ ಉದ್ದ ಗೊತ್ತು, ಗುಂಡಿನ ಅಳತೆ ಗೊತ್ತು, ಕೋವಿಯ ಕುದುರೆಯ ಆಕಾರವೂ ಗೊತ್ತು. ಪತ್ರಿಕೆಯನ್ನು ಜತನದಿಂದ ಟ್ರಂಕಿನಲ್ಲಿಟ್ಟ ಮನುಷ್ಯ ಯಾರೆಂದು ಕೇಳಿದರೆ ‘ಮೂಲ ಅಲಭ್ಯ’. ಅಲಭ್ಯವಲ್ಲ, ಟ್ರಂಕು ಕೊಳ್ಳುವಾಗ ಅವನ ಹೆಂಡತಿಯೋ ಮಗನೋ ಎದುರಿಗೇ ನಿಂತಿರುತ್ತಾರೆ. ಕೇಳುವ ಸೌಜನ್ಯವಿಲ್ಲ, ಅಷ್ಟೆ. ಆ ಅಸಡ್ಡೆಗೆ ಸಂಶೋಧನೆಯೆಂಬ ಹೆಸರು ಬೇರೆ.

ಇಂಥ ಪತ್ರಿಕೆ ಮನೆಯಲ್ಲಿರುವವರು ಅದನ್ನು ಕತ್ತರಿಸದೆ ಇಡಿಯಾಗಿ ಇಟ್ಟುಕೊಳ್ಳಲಿ. ಅದು ಯಾರದು, ಅವರದು ಯಾವ ಊರು, ಯಾವ ಪಲ್ಟನ್ನಿನಲ್ಲಿದ್ದರು ಎಂಬುದನ್ನು ಮೊದಲ ಪುಟದ ಮೇಲೆ ಪೆನ್ಸಿಲಿನಲ್ಲಿ ಬರೆದಿಡಲಿ. ಇಷ್ಟಾದರೆ ಕೋವಿಪುಟಶಾಸ್ತ್ರದ ಅಗತ್ಯ ಬೀಳುವುದಿಲ್ಲ.