ದಾಳಿಂಬೆ ಕಿತ್ತ ರಬ್ಬಿಯೂ ಮಿರ್ಚಿ ಬಿಡದ ಮೇಷ್ಟ್ರೂ

ಆಸೆಯನ್ನು ಗೆದ್ದವರ ವಿಷಯದಲ್ಲಿ ನಮ್ಮ ಹೊಸಪೇಟೆ ಸೀಮೆ ಬಲು ಶ್ರೀಮಂತ. ಹಂಪಿಯ ಹೇಮಕೂಟದಲ್ಲಿ ತಪಸ್ಸಿಗೆ ಕೂತ ಶಿವನ ಮೇಲೆ ಬಾಣ ಬಿಟ್ಟ ಮನ್ಮಥ ಅಲ್ಲೇ ಸುಟ್ಟು ಬೂದಿಯಾದ. ವಿರೂಪಾಕ್ಷನ ಗುಡಿ ಪಕ್ಕದ ಹೊಂಡಕ್ಕೆ ಇಂದಿಗೂ ಅವನದೇ ಹೆಸರು. ಕಂಪ್ಲಿ ಕಡೆ ತಿರುಗಿದರೆ ಕುಮಾರರಾಮ. ಚೆಂಡು ತರಲು ಹೋದವನ ಮೇಲೆ ಮಲತಾಯಿ ರತ್ನಾಜಿ ಮನಸ್ಸಿಟ್ಟಳು. ಒಲ್ಲೆನೆಂದು ಕೊಡವಿಕೊಂಡು ಬಂದು ಪರನಾರೀ ಸಹೋದರ ಅನ್ನಿಸಿಕೊಂಡ. ಅವಳ ಚಾಡಿ ಕೇಳಿ ಅಪ್ಪ ಕಂಪಿಲರಾಯ ಮಗನ ತಲೆ ತೆಗೆಸಲು ಹೊರಟ. ಮಂತ್ರಿ ಬೈಚಪ್ಪ ಬಚ್ಚಿಟ್ಟು ಉಳಿಸಿದ. ಸಂಡೂರಿನ ಗುಡ್ಡದ ಮೇಲೆ ಕೂತ ಕುಮಾರಸ್ವಾಮಿಯಂತೂ ಬ್ರಹ್ಮಚಾರಿ. ಯಾವ ದಿಕ್ಕಿಗೆ ಕೈಮುಗಿದರೂ ಗೆದ್ದವರೇ. ಸಂಜೆ ಆರಕ್ಕೆ ಮಿರ್ಚಿ ಬಂಡಿ ಮುಂದೆ ನಿಂತ ಸಕ್ಕರೆ ಕಾಯಿಲೆಯವನಿಗೆ ಇವರಲ್ಲಿ ಒಬ್ಬರೂ ಉಪಯೋಗಕ್ಕೆ ಬರುವುದಿಲ್ಲ.

ಈ ಮಾತು ಯಾಕೆ ಬಂತೆಂದರೆ, ನಮ್ಮ ಕಾಂಪೌಂಡಿನ ಆಚೆ ಒಬ್ಬ ರಿಟೈರ್ಡ್ ಮೇಷ್ಟ್ರಿದ್ದಾರೆ. ದಿನಾ ಬೆಳಿಗ್ಗೆ ದೇವರ ಮನೆಯಲ್ಲಿ ಮಂತ್ರ ಮುಗಿಸಿ, ಗಂಟೆ ಇಳಿಸಿ, ಆಮೇಲೆ ತಮ್ಮ ಸ್ವಂತ ಭಾಷೆಯಲ್ಲಿ ಶುರು ಮಾಡುತ್ತಾರೆ: "ವಿರೂಪಾಕ್ಷಾ, ಇವತ್ತೊಂದಿನ ಕಾಲು ಆ ಬಂಡಿ ಕಡೆ ಹೋಗದಂಗ ನೋಡ್ಕೊಳಪ್ಪಾ."

"ಕೇಳಿದ್ಯಾ ತಮ್ಮಾ?" ಬಟ್ಟೆ ಒಣಹಾಕುತ್ತಿದ್ದ ಮೇಷ್ಟ್ರ ಮನೆಯ ಅಕ್ಕ ಗೋಡೆಯ ಮೇಲಿಂದ ಇಣುಕಿದರು. "ಓಣಿಗೆಲ್ಲಾ ಕೇಳ್ತೈತಿ. ದೇವರಿಗೊಂದು ಕೇಳಂಗಿಲ್ಲ."

"ಅಕ್ಕಾ, ಮೇಷ್ಟ್ರು ಮಾಡ್ತಿರೋದು ಯಹೂದಿಗಳ ಪದ್ಧತಿ" ಅಂದೆ.

"ನಮ್ಮನಿಯವ್ರು ಅವರ್ಯಾವಾಗ ಆದ್ರು?"

ಯಹೂದಿ ಅಂದರೆ ನಮ್ಮ ಕಡೆ ಯಾರಿಗೂ ಗೊತ್ತಿಲ್ಲದ ಜಾತಿಯೇನಲ್ಲ. ಹೊಳೆಯಾಚೆ ವಿರೂಪಾಪುರ ಗಡ್ಡೆಯಲ್ಲಿ ಹೀಬ್ರೂ ಬೋರ್ಡು ಹಾಕಿಕೊಂಡು ಹೋಟೆಲು ನಡೆಸಿದವರು ನಮ್ಮವರೇ. ಮಿಲಿಟರಿ ಸೇವೆ ಮುಗಿಸಿ ಬರುವ ಇಸ್ರೇಲಿ ಹುಡುಗ ಹುಡುಗಿಯರಿಗೆ ಹಮ್ಮಸ್, ಶಕ್ಷೂಕಾ ಮಾಡಿ ಹಾಕುತ್ತಿದ್ದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಅಲ್ಲಿನ ರೆಸಾರ್ಟುಗಳನ್ನು ಕೆಡವಿದರು. ಆ ಹುಡುಗರಲ್ಲೊಬ್ಬ ಬಂಡೆ ಮೇಲೆ ಒಬ್ಬನೇ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದನಂತೆ. "ಕಿವ್ಯಾಗ ಫೋನಿಲ್ರೀ, ಎದುರಿಗೆ ಮನುಷ್ಯರಿಲ್ಲ" ಎಂದು ಹರಿಗೋಲಿನವನು ನನಗೆ ಹೇಳಿದ್ದ.

ಹಾಗೆ ಮಾತಾಡಿ ಎಂದು ಕಲಿಸಿದವನು ಯಹೂದಿಗಳ ಒಬ್ಬ ಗುರು, ಬ್ರೆಸ್ಲೋವಿನ ರಬ್ಬಿ ನಹ್ಮಾನ್. 1772ರಲ್ಲಿ ಇಂದಿನ ಉಕ್ರೇನಿನಲ್ಲಿ ಹುಟ್ಟಿ, 1810ರಲ್ಲಿ ಉಮಾನ್ ಎಂಬ ಊರಲ್ಲಿ ತೀರಿಕೊಂಡ. ಪುಸ್ತಕದ ಪ್ರಾರ್ಥನೆ ಹೀಬ್ರೂನಲ್ಲಿ ಇದ್ದೇ ಇದೆ, ಅದನ್ನು ಬಿಡಬೇಡಿ. ಅದರ ಜೊತೆಗೆ ದಿನಕ್ಕೊಂದು ತಾಸು ಹೊಲಕ್ಕೋ ಕಾಡಿಗೋ ಹೋಗಿ, ಮನೆಯಲ್ಲಿ ಆಡುವ ಭಾಷೆಯಲ್ಲೇ ದೇವರ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳಿ ಅಂದ. ಅವನ ಶಿಷ್ಯರಿಗೆ ಅದು ಯಿದ್ದಿಶ್. ಏನೂ ತೋಚದಿದ್ದರೆ 'ಜಗದೊಡೆಯಾ' ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಅನ್ನಬಹುದು.

ನಮ್ಮಲ್ಲೂ ಇಂಥವನಿದ್ದ. ಲೆಕ್ಕ ಬರೆಯುವ ಕೆಲಸ ಬಿಟ್ಟು ಹಂಪಿಗೆ ಬಂದ ಹರಿಹರ 'ಪಂಪಾಶತಕ'ದಲ್ಲಿ ವಿರೂಪಾಕ್ಷನೊಡನೆ ನೇರ ಮಾತಿಗಿಳಿದ. ಆದರೆ ಅವನು ಕವಿ, ವೃತ್ತ ಕೆಡದಂತೆ ಮೊರೆಯಿಟ್ಟ. ಮೇಷ್ಟ್ರಿಗೂ ನಹ್ಮಾನನ ಶಿಷ್ಯರಿಗೂ ಆ ತೊಂದರೆ ಇಲ್ಲ.

"ಹಂಗ ಬೇಡ್ಕೊಂಡ್ರ ಆಸಿ ಹೋಗ್ತತೇನು?" ಅಕ್ಕನ ಪ್ರಶ್ನೆ.

ಅದಕ್ಕೆ ಯಹೂದಿಗಳ ಧರ್ಮಗ್ರಂಥ ತಾಲ್ಮುದ್ದಿನಲ್ಲಿ ಒಂದು ಕತೆ ಇದೆ, ಕಿದ್ದುಷಿನ್ ಎಂಬ ಭಾಗದಲ್ಲಿ. ಬ್ಯಾಬಿಲೋನಿನ ಹಿಯ್ಯಾ ಬರ್ ಅಶಿ ಎಂಬ ರಬ್ಬಿ ದಿನಾ ನೆಲಕ್ಕೆ ಮುಖ ಹಚ್ಚಿ, "ಕರುಣಾಳುವೇ, ಕೆಟ್ಟ ಬಯಕೆಯಿಂದ ಕಾಪಾಡು" ಎಂದು ಬೇಡುತ್ತಿದ್ದ. ಒಂದು ದಿನ ಹೆಂಡತಿಯ ಕಿವಿಗೆ ಬಿತ್ತು. ಈ ಮನುಷ್ಯ ನನ್ನ ಹತ್ತಿರ ಬರುವುದನ್ನೇ ಬಿಟ್ಟು ಎಷ್ಟೋ ವರ್ಷವಾಯಿತು, ಇವನಿಗೆ ಇನ್ನೆಲ್ಲಿಯ ಬಯಕೆ ಎಂದು ಅವಳಿಗೆ ಆಶ್ಚರ್ಯ. ಅವನು ತೋಟದಲ್ಲಿ ಓದುತ್ತ ಕೂತಿದ್ದಾಗ ಸಿಂಗಾರ ಮಾಡಿಕೊಂಡು ಎದುರಿಗೆ ಓಡಾಡಿದಳು. ಯಾರು ನೀನು ಅಂದ. ಹರೂತಾ ಅಂದಳು. ಅದು ವೇಶ್ಯೆಯೊಬ್ಬಳ ಹೆಸರು. ಕರೆದ. ಹಾಗಾದರೆ ಆ ಮರದ ತುತ್ತತುದಿಯ ದಾಳಿಂಬೆ ಕಿತ್ತು ಕೊಡು ಅಂದಳು. ಮುದುಕ ನೆಗೆದು ಕಿತ್ತುಕೊಟ್ಟ.

ಅಕ್ಕನ ಕೈಯಲ್ಲಿದ್ದ ಟವೆಲ್ಲು ಅಲ್ಲೇ ನಿಂತಿತು. "ಕಿತ್ತುಕೊಟ್ನಾ! ಮುಂದ?"

ಮುಂದೆ ಮನೆಗೆ ಬಂದ. ಹೆಂಡತಿ ಒಲೆಗೆ ಬೆಂಕಿ ಹಾಕುತ್ತಿದ್ದಳು; ಹೋಗಿ ಆ ಒಲೆಯೊಳಗೇ ಕೂತ. ಇದೇನೆಂದು ಕೇಳಿದ್ದಕ್ಕೆ ನಡೆದದ್ದು ಹೇಳಿದ. ಅವಳು ನಾನೇ ಕಣೋ ಅಂದಳು. ಗುರುತು ತೋರಿಸುವ ತನಕ ಅವನು ನಂಬಲಿಲ್ಲ. ನಂಬಿದ ಮೇಲೂ, ನನ್ನ ಮನಸ್ಸು ಹೋದದ್ದು ಪಾಪಕ್ಕೇ ತಾನೇ ಎಂದು ಉಪವಾಸ ಬಿದ್ದು, ಅದರಲ್ಲೇ ಸತ್ತ.

ಎಷ್ಟು ಸಲ ಓದಿದರೂ ಈ ಕತೆ ನನ್ನನ್ನು ಕಾಡುತ್ತದೆ. ಪ್ರಾರ್ಥನೆ ಮಾಡಿದವನು ಸೋತದ್ದನ್ನು ಅವರು ಮುಚ್ಚಿಡಲಿಲ್ಲ, ಧರ್ಮಗ್ರಂಥದಲ್ಲೇ ಬರೆದಿಟ್ಟರು. ಅಕ್ಕ ಇದನ್ನೆಲ್ಲ ಒಂದೇ ಮಾತಲ್ಲಿ ತೀರ್ಮಾನಿಸಿದರು: "ದೇವರ ಮುಂದ ಅಷ್ಟು ದಿನಾ ಒದರೋ ಬದ್ಲು, ಒಂದು ಮಾತು ಆಯಮ್ಮನ ಹತ್ರ ಅನ್ನಬೇಕಾಗಿತ್ತು." ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಾನು ಎಲ್ಲೂ ಓದಿಲ್ಲ.

"ಅಲ್ಲ, ಆ ಆಸಿನ್ನೇ ಹಿಡಿದು ಕೂಡಿಹಾಕಿಬಿಟ್ರ?" ಎಂದರು ಅಕ್ಕ. ಅದನ್ನೂ ಮಾಡಿ ನೋಡಿದ್ದಾರೆ ಮಹರಾಯರು! ಹಿರಿಯರೆಲ್ಲ ಪ್ರಾರ್ಥಿಸಿ ಕಾಮವನ್ನು ಸೆರೆ ಹಿಡಿದು ಮೂರು ದಿನ ಕೂಡಿಹಾಕಿದರೆಂದು ತಾಲ್ಮುದ್ದಿನ ಯೋಮಾ ಭಾಗದಲ್ಲಿದೆ. ಮೂರು ದಿನಕ್ಕೆ ಇಡೀ ನಾಡಿನಲ್ಲಿ ಆಗತಾನೇ ಇಟ್ಟ ಒಂದು ಕೋಳಿಮೊಟ್ಟೆ ಸಿಗಲಿಲ್ಲ. ಕೊಂದರೆ ಲೋಕವೇ ನಿಂತುಹೋಗುತ್ತದೆಂದು ಹೆದರಿ, ಅದರ ಕಣ್ಣು ಕುರುಡು ಮಾಡಿ ಬಿಟ್ಟುಬಿಟ್ಟರು. ನಮ್ಮ ಮನ್ಮಥನದೂ ಇದೇ ಕತೆಯಲ್ಲವೇ? ಸುಟ್ಟದ್ದೇನೋ ಸರಿ, ಮೈಯಿಲ್ಲದೆ ಬದುಕಿಕೊಂಡ. ಸುಟ್ಟ ವಿರೂಪಾಕ್ಷನೇ ಪಂಪೆಯನ್ನು ಮದುವೆಯಾದ. ಫಲಪೂಜೆ ದಿನ ನಿಶ್ಚಿತಾರ್ಥ, ಚೈತ್ರದಲ್ಲಿ ಲಗ್ನ, ತೇರು.

ಸಂಡೂರಿನ ಅದಿರನ್ನೂ ಹಾಗೇ ಕೂಡಿಹಾಕಿದ್ದುಂಟು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿತು. ಲಾರಿಗಳು ಸಾಲಾಗಿ ನಿಂತವು. ದುರಾಸೆಯ ಕೈ ಕಟ್ಟಿದ್ದಕ್ಕೆ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಡ್ರೈವರು, ಕ್ಲೀನರು, ಪಂಕ್ಚರ್ ಅಂಗಡಿಯವನ ಮನೆಯಲ್ಲಿ ಮೊಟ್ಟೆ ಸಿಗಲಿಲ್ಲ. ಆಮೇಲೆ ಗಣಿ ಮತ್ತೆ ತೆರೆದವು, ಷರತ್ತು ಹಾಕಿಕೊಂಡು. ಆ ದುರಾಸೆ ಕುರುಡಾಯಿತೋ ಇಲ್ಲವೋ, ಸಂಡೂರಿನವರನ್ನು ಕೇಳಬೇಕು.

ಕೂಡಿಹಾಕುವುದು ಆಗದಿದ್ದರೆ ದೂರ ಇರುವುದೇ ದಾರಿ. ಯಹೂದಿಗಳ ದಿನದ ಬೆಳಗಿನ ಪ್ರಾರ್ಥನೆಯಲ್ಲೇ, ನನ್ನನ್ನು ಪರೀಕ್ಷೆಗೆ ಒಡ್ಡಬೇಡ ಎಂಬ ಬೇಡಿಕೆ ಸೇರಿಕೊಂಡಿದೆ. ಗೆಲ್ಲಿಸು ಅನ್ನುವುದಿಲ್ಲ, ಆ ದಾರಿಗೇ ಒಯ್ಯಬೇಡ ಅನ್ನುತ್ತಾರೆ. ದಾವೀದ ರಾಜ ಮಾತ್ರ ಉಲ್ಟಾ ಹೊಡೆದ. ಅಬ್ರಹಾಮ, ಇಸಾಕ, ಯಾಕೋಬರ ಹೆಸರು ಪ್ರಾರ್ಥನೆಯಲ್ಲಿದೆ, ನನ್ನದೇಕಿಲ್ಲ, ನನ್ನನ್ನೂ ಪರೀಕ್ಷಿಸು ಎಂದು ತಾನಾಗಿ ಕೇಳಿಕೊಂಡ. ಪರೀಕ್ಷೆ ಬಂತು, ಪರರ ಹೆಂಡತಿ ಬತ್ಷೆಬಾ ಸ್ನಾನ ಮಾಡುತ್ತಿದ್ದಳು, ಫೇಲಾದ.

"ಹಂಗಾದ್ರ ಇವ್ರು ದಿನಾ ಸಂಜಿ ಅದೇ ಬಂಡಿ ಮುಂದ ವಾಕಿಂಗ್ ಹೋಗೋದ್ಯಾಕ?" ಅಕ್ಕ ಒಳಗೆ ಕೇಳಿಸುವಂತೆಯೇ ಅಂದರು. "ನಾಳಿಯಿಂದ ಕಾಲುವಿ ಕಡೆ ಹೋಗ್ರಿ!"

ಒಳಗಿಂದ ಮೇಷ್ಟ್ರ ದನಿ: "ಆತು ಬಿಡು, ಹೋಗ್ತೀನಿ. ಆ ರಬ್ಬಿ ಹೇಣ್ತಿ ಹಂಗ ಯಾಸ ಹಾಕ್ಕೊಂಡು ಬಂಡಿ ಹತ್ರ ನಿಂತ್ಗಿಂತೀಯಾ ಮತ್ತ!"

"ನಾನ್ಯಾಕ ನಿಂದರ್ಲಿ" ಅಂದರು ಅಕ್ಕ, ಟವೆಲ್ಲಿಗೆ ಕ್ಲಿಪ್ಪು ಹಾಕುತ್ತ. "ಬಂಡಿಯವನ ನನಗ ಫೋನ್ ಮಾಡ್ತಾನ."