ಅರಗಿಸಿ ಕೊಡಲಾಗುವುದು

ವೆರ್ಣಾ ರೈಲು ನಿಲ್ದಾಣದಲ್ಲಿ ಲಾರಿಗಳು ರೈಲಿನಿಂದ ಇಳಿಯುತ್ತವೆ. ಲಾರಿಯೊಳಗಿನ ಸರಕಲ್ಲ, ಇಡೀ ಲಾರಿಗಳೇ. ಮಹಾರಾಷ್ಟ್ರದ ಕೋಲಾಡದಲ್ಲಿ ಚಪ್ಪಟೆ ವ್ಯಾಗನ್ ಹತ್ತಿ ಕುಳಿತರೆ ಇಲ್ಲಿಯವರೆಗೆ ಅವುಗಳ ಗಾಲಿ ತಿರುಗುವುದಿಲ್ಲ; ಡ್ರೈವರ್ ಕ್ಯಾಬಿನ್ನಿನಲ್ಲೇ ಗೊರಕೆ ಹೊಡೆಯುತ್ತಾನೆ. ಕೊಂಕಣ ರೈಲ್ವೆ 1999ರಿಂದ ನಡೆಸುತ್ತಿರುವ ಏರ್ಪಾಡು ಇದು. ಹತ್ತು ಗಾಲಿಯ ಆಸಾಮಿ ಇನ್ನೊಬ್ಬರ ಗಾಲಿಯ ಮೇಲೆ ಮೆರವಣಿಗೆಯಲ್ಲಿ ಬರುವುದನ್ನು ಕಂಡು ನಾನು ನಕ್ಕೆ. ಷಡ್ಡಕ ಗದರಿದ: ‘ಡೀಸೆಲ್ ಎಷ್ಟು ಉಳಿಯುತ್ತೆ ಗೊತ್ತಾ? ಟೈರ್ ಸವೆಯಲ್ಲ, ಘಾಟಿಯ ತಾಪತ್ರಯ ಇಲ್ಲ.’ ಒಪ್ಪಿಕೊಂಡೆ. ಆ ರಾತ್ರಿ ಅವನ ಊಟದ ಮೇಜಿನ ಮೇಲೆ ಕಂಡ ಡಬ್ಬಿಗೆ ಮಾತ್ರ ಅಂಥ ಲೆಕ್ಕ ನನಗಿನ್ನೂ ಸಿಕ್ಕಿಲ್ಲ.

ನಾವು ಹೋಗಿದ್ದು ಕುಲದೇವಿಯ ದರ್ಶನಕ್ಕೆ. ಕುಮಟಾ, ಬಸ್ರೂರು, ಶಿರ್ವಗಳಲ್ಲೂ ನೆಲೆಸಿರುವ ಮಹಾಲಸಾ ನಾರಾಯಣಿಯ ಮೂಲಸ್ಥಾನ ವೆರ್ಣಾ. 16ನೇ ಶತಮಾನದಲ್ಲಿ ಪೋರ್ಚುಗೀಸರು ಗುಡಿ ಕೆಡವಿದಾಗ ಭಕ್ತರು ಅವಳನ್ನು ಮಾರ್ದೋಳಕ್ಕೆ ಸಾಗಿಸಿದರು. ಹಳೆಯ ಜಾಗದಲ್ಲಿ ಈಚೆಗೆ ಮತ್ತೆ ಗುಡಿ ಎದ್ದಿದೆ. ಮಹಾಲಸೆ ಎಂದರೆ ಮೋಹಿನಿಯೇ. ಎರಡು ಪಂಕ್ತಿ ಕೂರಿಸಿ ಒಂದಕ್ಕೆ ಅಮೃತವನ್ನೂ ಇನ್ನೊಂದಕ್ಕೆ ಬರಿಯ ಕಣ್ಣೋಟವನ್ನೂ ಬಡಿಸಿದವಳು. ಅಂಥವಳ ಊರಿನ ಬಯಲಿನಲ್ಲಿ ಈಗ ಔಷಧ ಕಾರ್ಖಾನೆಗಳ ಸಾಲು. ಸ್ಥಳಮಹಿಮೆ ಎಂದರೆ ಇದೇ ಇರಬೇಕು.

ಷಡ್ಡಕ ಅಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ಮಾತ್ರೆ ಮಾಡುವ ಕಂಪನಿಯೊಂದರ ಲೆಕ್ಕಪತ್ರ ನೋಡುತ್ತಾನೆ. ಡಬ್ಬಿ ಅವನ ಕಂಪನಿಯದಲ್ಲ, ಮೊಬೈಲ್ ಒತ್ತಿ ತರಿಸಿದ್ದು. ಮೇಲೆ ನೀಲಿ ಕಡಲು, ಪಕ್ಕದಲ್ಲಿ ನಲವತ್ತರ ಹೆಂಗಸಿನ ಹದಿನೆಂಟರ ಕೆನ್ನೆ. ‘ಸಾಗರ ಕೊಲಾಜೆನ್ ಪೆಪ್ಟೈಡ್, ಮಾವಿನ ರುಚಿ.’ ಚರ್ಮಕ್ಕೆ, ಕೂದಲಿಗೆ, ಮಂಡಿಗೆ, ಉಗುರಿಗೆ. ಸಾಗರ ಅಂದರೆ ಏನು ಎಂದು ಕೇಳಿದೆ. ನಾದಿನಿ ಕನ್ನಡಕ ಏರಿಸಿ ಸಣ್ಣಕ್ಷರ ಓದಿದಳು: ಮೀನಿನ ಚರ್ಮ, ಮೀನಿನ ಹುರುಪೆ. ಮಡಗಾಂವ್ ಪೇಟೆಯಲ್ಲಿ ಮೀನಿನವಳು ‘ಇದನ್ನೂ ಕಟ್ಟಲೇ?’ ಎಂದು ಕೇಳಿದ್ದರೆ ನಾದಿನಿ ಅವಳ ಅಂಗಡಿಗೆ ಮತ್ತೆ ಕಾಲಿಡುತ್ತಿರಲಿಲ್ಲ. ಇಲ್ಲಿ ಅದಕ್ಕೆ ಎರಡು ಸಾವಿರ ಕೊಟ್ಟಿದ್ದಾಳೆ.

ಮಾಡುವ ವಿಧಾನದಲ್ಲಿ ಗುಟ್ಟೇನಿಲ್ಲ. ಪ್ರೋಟೀನು ಅಂದರೆ ಅಮೈನೊ ಆಮ್ಲಗಳ ಬೋಗಿ ಜೋಡಿಸಿದ ಉದ್ದನೆಯ ರೈಲು. ಕೊಂಡಿ ಕಳಚಿ ಎರಡು, ಮೂರು, ಹತ್ತು ಬೋಗಿಯ ತುಂಡು ಮಾಡಿದರೆ ಅದೇ ಪೆಪ್ಟೈಡ್. ಸೋಯಾ, ಹಾಲೊಡಕು, ಶೇಂಗಾ, ಮೀನಿನ ಚರ್ಮ, ಯಾವುದಾದರೂ ಸರಿ, ನೀರಿನಲ್ಲಿ ಕದಡಿ ತೊಟ್ಟಿಗೆ ಸುರಿಯುತ್ತಾರೆ. ಐವತ್ತು ಡಿಗ್ರಿ ಆಸುಪಾಸಿನ ಬಿಸಿ, ಹದವಾದ ಹುಳಿ ಇಲ್ಲವೇ ಕ್ಷಾರ, ಮೇಲೊಂದಿಷ್ಟು ಕಿಣ್ವ: ಪಪ್ಪಾಯಿ ಹಾಲಿನ ಪಪೇನ್, ಅನಾನಸಿನ ಬ್ರೊಮೆಲೇನ್, ಬ್ಯಾಕ್ಟೀರಿಯಾ ಸಾಕಿ ಪಡೆದ ಇನ್ನೂ ಕೆಲವು. ಕೆಲವು ತಾಸಿನ ನಂತರ ಚೆನ್ನಾಗಿ ಕಾಯಿಸಿ ಕಿಣ್ವವನ್ನು ಕೊಲ್ಲುತ್ತಾರೆ. ಎಲ್ಲಿ ನಿಲ್ಲಿಸಬೇಕೆಂದು ಅದಕ್ಕೆ ತಿಳಿಯದು. ಸೋಸಿ, ಬಿಸಿಗಾಳಿಗೆ ಸಿಂಪಡಿಸಿ ಒಣಗಿಸಿದರೆ ಪುಡಿ ಸಿದ್ಧ. ಬಿರಿಯಾನಿ ಭಟ್ಟರು ಬಲಿತ ಮಾಂಸಕ್ಕೆ ಹಸಿ ಪಪ್ಪಾಯಿ ಸವರಿ ಪಕ್ಕಕ್ಕಿಡುವುದೂ ಇದೇ ವಿದ್ಯೆ. ಅವರು ಬಿಳಿ ಕೋಟು ಹಾಕಿಕೊಳ್ಳಲಿಲ್ಲ, ಅಷ್ಟೆ. ನಿಮ್ಮ ಹೊಟ್ಟೆಯೂ ಪೆಪ್ಸಿನ್, ಟ್ರಿಪ್ಸಿನ್ ಎಂಬ ನೌಕರರನ್ನು ಇಟ್ಟುಕೊಂಡು ಹುಟ್ಟಿದಂದಿನಿಂದ ಇದೇ ಕಾರ್ಖಾನೆ ನಡೆಸುತ್ತಿದೆ. ಜಾಹೀರಾತು ಕೊಟ್ಟಿಲ್ಲ ಎಂಬುದೊಂದೇ ಅದರ ತಪ್ಪು.

ಇನ್ನೊಂದು ತೊಡಕಿದೆ. ಸೋಯಾ ಅಥವಾ ಹಾಲಿನ ಕೇಸಿನ್ ರೈಲಿನ ಕೊಂಡಿ ಕಳಚಿದೊಡನೆ ಒಳಗೆ ಮುದುಡಿ ಕೂತಿದ್ದ, ನೀರಿಗೆ ಮುಖ ತೋರಿಸದ ಅಮೈನೊ ಆಮ್ಲಗಳೆಲ್ಲ ಹೊರಗೆ ಬೀಳುತ್ತವೆ. ನಾಲಿಗೆಗೆ ಬೇವು. ಈ ಕಹಿ ಮುಚ್ಚುವುದೇ ಪೆಪ್ಟೈಡ್ ಉದ್ಯಮದ ದೊಡ್ಡ ತಲೆನೋವು. ಮಾವು, ಚಾಕೊಲೇಟು, ವೆನಿಲಾ ಎಂದು ಡಬ್ಬಿಗಳ ಮೇಲೆ ನೋಡುತ್ತೀರಲ್ಲ, ಅವು ನಿಮ್ಮ ಸುಖಕ್ಕೆ ಬಂದವೆಂದು ಭಾವಿಸಬೇಡಿ.

ಕೊಲಾಜೆನ್ನಿನ ಕತೆಯಂತೂ ಅಕ್ಕಸಾಲಿಗನ ಕತೆ. ನಮ್ಮ ದೇಹ ತಾನೇ ಮಾಡಿಕೊಳ್ಳಲಾರದ, ಊಟದಿಂದಲೇ ಬರಬೇಕಾದ ಅಮೈನೊ ಆಮ್ಲಗಳು ಒಂಬತ್ತು. ನವರತ್ನ. ಕೊಲಾಜೆನ್ನಿನಲ್ಲಿ ಅವುಗಳಲ್ಲೊಂದು, ಟ್ರಿಪ್ಟೊಫಾನ್, ಇಲ್ಲವೇ ಇಲ್ಲ. ಪ್ರೋಟೀನಿನ ಗುಣ ಅಳೆಯುವವರು ಅತಿ ಕೊರತೆಯ ಹರಳನ್ನು ಹಿಡಿದು ಅಂಕ ಕೊಡುವುದರಿಂದ ಇದಕ್ಕೆ ಬರುವ ಅಂಕ ಸೊನ್ನೆ. ಒಂದು ಕುಳಿ ಖಾಲಿ ಬಿಟ್ಟ ನವರತ್ನದ ಉಂಗುರವನ್ನು ನಮ್ಮ ಪೇಟೆಯ ಅಕ್ಕಸಾಲಿಗ ಮಾರಿದ್ದರೆ ನಾದಿನಿ ಪೊಲೀಸ್ ಠಾಣೆ ಹತ್ತುತ್ತಿದ್ದಳು. ಇದನ್ನು ಹೇಳಿದಾಗ ಅವಳು ಕೊಟ್ಟ ಉತ್ತರ: ‘ಭಾವ, ಚರ್ಮದಲ್ಲಿರೋದು ಕೊಲಾಜೆನ್. ಕೊಲಾಜೆನ್ ತಿಂದರೆ ಚರ್ಮಕ್ಕೆ ಹೋಗುತ್ತೆ.’ ಈ ತರ್ಕದಲ್ಲಿ ಆಡಿನ ಮಿದುಳು ತಿಂದವರೆಲ್ಲ ಐಎಎಸ್ ಪಾಸಾಗಬೇಕಿತ್ತು. ಕರುಳು ದಾಟುವುದು ಬಹುಪಾಲು ಬಿಡಿ ಆಮ್ಲಗಳು, ಎರಡು ಮೂರು ಬೋಗಿಯ ತುಂಡುಗಳು. ಮುಂದೆ ಯಾವ ಬೋಗಿ ಎಲ್ಲಿಗೆ ಎಂಬುದನ್ನು ದೇಹ ತನ್ನ ಅಗತ್ಯ ನೋಡಿ ತೀರ್ಮಾನಿಸುತ್ತದೆ. ‘ಕೆನ್ನೆಗೆ ತಲುಪಿಸಿ’ ಎಂದು ವಿಳಾಸ ಬರೆದು ಕಳಿಸುವ ಸೌಲಭ್ಯ ಇಲ್ಲ. ಚರ್ಮಕ್ಕೆ ಗುಣ ಕಂಡಿತೆನ್ನುವ ಅಧ್ಯಯನಗಳಿವೆ. ಓದುವಾಗ ಕೊನೆಯ ಪುಟದಲ್ಲಿ ದುಡ್ಡು ಕೊಟ್ಟವರು ಯಾರೆಂದು ನೋಡುವುದು ಒಳ್ಳೆಯ ಅಭ್ಯಾಸ. ಕೀಲಿಗೆ ಒಳ್ಳೆಯದೆಂಬ ಹೇಳಿಕೆಗೆ ಆಧಾರ ಸಾಲದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲೇ ಹೇಳಿದೆ.

ಹಾಗೆಂದು ಪೆಪ್ಟೈಡುಗಳೆಲ್ಲ ಬೂಟಾಟಿಕೆ ಎಂದರೆ ನಾನೂ ಡಬ್ಬಿಯಷ್ಟೇ ಸುಳ್ಳುಗಾರನಾಗುತ್ತೇನೆ. ಬ್ರೆಜಿಲಿನ ಮಂಡಲದ ಜಾತಿಯ ಹಾವೊಂದರ ವಿಷದಲ್ಲಿದ್ದ ಪೆಪ್ಟೈಡಿನ ಜಾಡು ಹಿಡಿದೇ ರಕ್ತದೊತ್ತಡದ ಕ್ಯಾಪ್ಟೊಪ್ರಿಲ್ ಬಂದಿದ್ದು. ಹಸುವಿನ ಹಾಲು ಒಗ್ಗದ ಕೂಸಿಗೆ, ಮೇದೋಜೀರಕ ಕೈಕೊಟ್ಟ ರೋಗಿಗೆ ಅರಗಿಸಿದ ಪ್ರೋಟೀನು ಸಂಜೀವಿನಿ. ಘಾಟಿ ಹತ್ತಲಾರದ ಲಾರಿಗೆ ರೈಲು ಬೇಕು. ಷಡ್ಡಕನ ಹೊಟ್ಟೆ ಆ ವರ್ಗಕ್ಕೆ ಸೇರಿದ್ದಲ್ಲ. ಅದು ಆ ರಾತ್ರಿ ಆರು ಬಂಗಡೆಯನ್ನು ಯಾರ ಸಹಾಯವೂ ಇಲ್ಲದೆ ಇಳಿಸಿತು. ಚರ್ಮ ಸಮೇತ.

ಇದೆಲ್ಲ ಹೊಸ ವಿಜ್ಞಾನವೆಂದು ಬೆರಗಾಗುವವರಿಗೆ ಅಡುಗೆಮನೆಯ ಕಪಾಟಿನಲ್ಲೇ ಸಾಕ್ಷಿ ಇದೆ. 2015ರಲ್ಲಿ ಮ್ಯಾಗಿ ನಿಷೇಧದ ಗಲಾಟೆಯಲ್ಲಿ, ರುಚಿಯ ಉಪ್ಪಾದ ಗ್ಲುಟಮೇಟನ್ನು ಬೇರೆಯಾಗಿ ಬೆರೆಸಿಲ್ಲವೆಂದ ಮೇಲೆ ಅದು ಎಲ್ಲಿಂದ ಬಂತೆಂದು ಕೇಳಿದಾಗ ನೆಸ್ಲೆ ಕೊಟ್ಟ ಉತ್ತರಗಳಲ್ಲೊಂದು: ಜಲವಿಭಜಿತ ಶೇಂಗಾ ಪ್ರೋಟೀನಿನಿಂದ. ನಂಜನಗೂಡಿನಲ್ಲೂ ಗೋವಾದ ಬಿಚೋಲಿಯಲ್ಲೂ ಕಾರ್ಖಾನೆ ಇಟ್ಟಿರುವ ಕಂಪನಿ ಅದು. ಮಕ್ಕಳು ಎರಡು ನಿಮಿಷದಲ್ಲಿ ನೆಕ್ಕಿದ ಮಸಾಲೆಯೂ ಅರಗಿಸಿದ ಪ್ರೋಟೀನೇ. ಆಗ ಅದು ಅಪರಾಧಿ, ಮಾವಿನ ರುಚಿ ಬಂದೊಡನೆ ಆರೋಗ್ಯ. ನಂಜನಗೂಡಿನ ಪಕ್ಕದ ಮೈಸೂರಿನಲ್ಲಿ, ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಶೇಂಗಾ ಹಿಡಿದೇ ಹೊರಟಿತ್ತು. ಮುಕ್ಕಾಲು ಪಾಲು ಶೇಂಗಾ ಹಿಟ್ಟು, ಕಾಲು ಪಾಲು ಹುರಿಗಡಲೆ ಹಿಟ್ಟು, ಮೇಲಿಷ್ಟು ಜೀವಸತ್ವ. ಅದಕ್ಕೆ ಇಟ್ಟ ಹೆಸರು ‘ವಿವಿಧೋದ್ದೇಶ ಆಹಾರ’. ಹೆಸರು ನೋಡಿ! ಯೋಜನಾ ಆಯೋಗದ ಕಡತದಂತಿದೆ. ಡಬ್ಬಿಯ ಮೇಲೆ ಕೆನ್ನೆ ಇಲ್ಲ, ಕಡಲಿಲ್ಲ. ಬಡವರಿಗೆಂದು ಮಾಡಿದ್ದನ್ನು ಬಡವರೂ ಕೊಳ್ಳಲಿಲ್ಲ, ಶ್ರೀಮಂತರಿಗೆ ಅದರಲ್ಲಿ ಅವಮಾನ.

ಆ ಕಾಲದಲ್ಲಿ ಜಗತ್ತಿಗೇ ಪ್ರೋಟೀನ್ ಜ್ವರ. 1968ರಲ್ಲಿ ವಿಶ್ವಸಂಸ್ಥೆ ‘ಪ್ರೋಟೀನ್ ಬಿಕ್ಕಟ್ಟು’ ಎಂದು ಡಂಗುರ ಹೊಡೆಯಿತು. ಹೊಟ್ಟೆ ತುಂಬ ಊಟ ಸಿಕ್ಕವನಿಗೆ ಪ್ರೋಟೀನೂ ಸಿಗುತ್ತದೆ, ಕೊರತೆ ಇರುವುದು ಊಟದ್ದೇ ಎಂದು ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆಯವರು ಅಂಕಿ ಹಿಡಿದು ವಾದಿಸಿದರು. 1974ರಲ್ಲಿ ಡೊನಾಲ್ಡ್ ಮೆಕ್ಲಾರೆನ್ ಎಂಬ ವೈದ್ಯರು ‘ಲ್ಯಾನ್ಸೆಟ್’ನಲ್ಲಿ ಇಡೀ ಪ್ರಕರಣವನ್ನು ಮಹಾ ಪ್ರೋಟೀನ್ ಫಜೀತಿ ಎಂದು ಕರೆದು ತೆರೆ ಎಳೆದರು. ಐವತ್ತು ವರ್ಷ ಕಳೆಯಿತು, ತೆರೆ ಮತ್ತೆ ಎದ್ದಿದೆ. ಈ ಬಾರಿ ಬಿಕ್ಕಟ್ಟು ತುಂಬಿದ ಹೊಟ್ಟೆಯದು. ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಸಾಕು ಎನ್ನುವ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಪ್ರೋಟೀನ್ ಪುಡಿಗಳ ಸಹವಾಸ ಬೇಡವೆಂದು 2024ರಲ್ಲಿ ಕೈಮುಗಿದು ಹೇಳಿತು. ಕೇಳಿದವರು ಮೊದಲೇ ಪುಡಿ ಕೊಳ್ಳಲಾರದವರು.

ಅವರ ಮಕ್ಕಳ ಸುದ್ದಿಗೆ ಬಂದರೆ ನಮ್ಮ ಸಂಸ್ಕೃತಿ ಜಾಗೃತವಾಗುತ್ತದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಮಠಾಧೀಶರು ಬೀದಿಗಿಳಿದರು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು, ನವರತ್ನದ ಒಂಬತ್ತೂ ಹರಳು. ಕಾರ್ಖಾನೆ ಬೇಡ, ಕಿಣ್ವ ಬೇಡ, ಡಬ್ಬಿಯನ್ನೂ ಕೋಳಿಯೇ ಮಾಡಿ ಕೊಡುತ್ತದೆ. ಮೊಟ್ಟೆ ಒಲ್ಲದವರಿಗೆ ಬದಲಿಗೆ ಬಾಳೆಹಣ್ಣು ಎಂದಾಯಿತು. ಬಾಳೆಹಣ್ಣಿನ ಮೇಲೆ ನನಗೆ ಗೌರವವಿದೆ, ಆದರೆ ಪ್ರೋಟೀನಿನ ಪರೀಕ್ಷೆಗೆ ಅದನ್ನು ಕೂರಿಸುವುದು ಆ ಹಣ್ಣಿಗೇ ಅನ್ಯಾಯ. ಕೊನೆಗೆ 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ದುಡ್ಡಿನಿಂದ ವಾರಕ್ಕೆ ಆರು ದಿನದ ಮೊಟ್ಟೆ ಬಂತು. ಮೀನಿನ ಚರ್ಮವನ್ನು ಮಾವೆಂದು ಕುಡಿಯುವ ಎಷ್ಟೋ ಶುದ್ಧ ಸಸ್ಯಾಹಾರಿ ಮನೆಗಳಿಂದ ಈ ವಿಷಯದಲ್ಲಿ ಇನ್ನೂ ನಿಟ್ಟುಸಿರು ಕೇಳಿಬರುತ್ತದೆ.

ಮರುದಿನ ಮಧ್ಯಾಹ್ನ ವಸಾಹತಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ನಾದಿನಿ ಇನ್ನೊಂದು ಡಬ್ಬಿ ತರಿಸಿ ನನ್ನ ಹೆಂಡತಿಗೆ ಉಡುಗೊರೆ ಕೊಟ್ಟಿದ್ದಳು. ಅದು ನನ್ನ ಕಂಕುಳಲ್ಲಿ. ಪಕ್ಕದ ಗೋಡೆಯ ನೆರಳಿನಲ್ಲಿ ಗಾರೆ ಕೆಲಸದ ಹೆಂಗಸರು ಬುತ್ತಿ ಬಿಚ್ಚಿದ್ದರು. ಕಟಕ್ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಜೋಳದಲ್ಲಿದೆ; ಎರಡನ್ನೂ ಒಂದೇ ತುತ್ತಿನಲ್ಲಿ ಮಡಚಿದ ವಿಜ್ಞಾನಿ ಯಾರೋ ಪೇಟೆಂಟ್ ಮಾಡಿಸಿಕೊಳ್ಳದೆ ಸತ್ತಿದ್ದಾಳೆ. ಕನ್ನಡ ಕೇಳಿ ಒಬ್ಬಳು ಮಾತಿಗೆಳೆದಳು. ಬಾದಾಮಿ ಕಡೆಯವಳಂತೆ. ಅಗಸ್ತ್ಯರು ಹೊಟ್ಟೆ ಸವರಿಕೊಂಡು ‘ಜೀರ್ಣೋಭವ’ ಎಂದು ವಾತಾಪಿಯನ್ನೇ ಅರಗಿಸಿದ ಊರು.

‘ಅದೇನ್ರಿ ಡಬ್ಬ್ಯಾಗ?’

‘ಪುಡಿ. ಅರಗಿಸಿದ ಪ್ರೋಟೀನು.’

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ‘ಯಾರ್ ಅರಗಿಸ್ಯಾರ?’

ನಾನು ಷಡ್ಡಕನ ಮುಖ ನೋಡಿದೆ. ಅವನು ವಿದ್ಯಾವಂತ. ಗಂಟಲು ಸರಿಮಾಡಿಕೊಂಡು ಹೇಳಿದ: ‘ಎಂಜೈಮ್.’

ಅವಳು ಪಕ್ಕದವಳ ಕಡೆ ತಿರುಗಿ ದನಿ ತಗ್ಗಿಸಿದಳು. ‘ಎಂಜಲಂತವಾ. ರೊಕ್ಕಾ ಕೊಟ್ಟು ತಗೊಂಡಾರ.’